ಹಾನ್ ನದಿಯ ತೆಂಕಣ ದಡದಲ್ಲಿ

ದಕ್ಷಿಣ ಕೊರಿಯಾದ ರಾಜಧಾನಿಯಾದ ಸೋಲ್ ನಗರವನ್ನು ಇಬ್ಭಾಗ ಮಾಡಿ ಹಾನ್ ನದಿ ಹರಿಯುತ್ತದೆ. ಬಡಗಣ ದಡದಲ್ಲಿ ಹಳೆಯ ರಾಜರ ಅರಮನೆಗಳು. ತೆಂಕಣ ದಡದಲ್ಲಿ ಮುಗಿಲೆತ್ತರದ ವಸತಿ ಸೌಧಗಳು. ಈ ಭಾಗಕ್ಕೆ ಗಾಂಗ್ನಾಮ್ ಎಂದು ಹೆಸರು. 'ನದಿಯ ದಕ್ಷಿಣ' ಎಂದೇ ಅದರ ಅರ್ಥ. ಅಲ್ಲಿಯ ದೇಚಿ-ದೊಂಗ್ ಬಡಾವಣೆಯನ್ನು ಸಂಜೆ ಹೊಕ್ಕ ಪ್ರವಾಸಿಗೆ ಎದುರಾಗುವುದು ಹಾಗ್ವೊನ್ ಎಂಬ ಖಾಸಗಿ ಪಾಠಶಾಲೆಗಳ ಸಾಲು. ಒಂದು ಅಂತಸ್ತಿನಲ್ಲಿ ಗಣಿತ, ಮೇಲಿನದರಲ್ಲಿ ಇಂಗ್ಲಿಷ್. ಶಾಲೆ ಮುಗಿಸಿದ ಮಕ್ಕಳಿಗೆ ಅಲ್ಲಿ ಎರಡನೆಯ ಶಾಲೆ ಆರಂಭವಾಗುತ್ತದೆ.

ಇದೆಲ್ಲದರ ಗುರಿ, ನವೆಂಬರಿನಲ್ಲಿ ನಡೆಯುವ ಸುನುಂಗ್ ಎಂಬ ವಿಶ್ವವಿದ್ಯಾಲಯ ಪ್ರವೇಶ ಪರೀಕ್ಷೆ. ಅಂದು ಇಂಗ್ಲಿಷ್ ಆಲಿಸುವ ಪ್ರಶ್ನೆಗಳ ವೇಳೆ ವಿಮಾನಗಳು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಇಡೀ ದೇಶವೇ ಉಸಿರು ಬಿಗಿಹಿಡಿಯುವ ಪರೀಕ್ಷೆಯ ಭಾರ ಹದಿಹರೆಯದ ಹೆಗಲಿಗೆ ಹಗುರವೇ?

ಈ ಭಾರವನ್ನು ಅರೆಗಳಿಗೆ ಇಳಿಸುವ ಚಾವಡಿಯೂ ನಗರದಲ್ಲಿದೆ. ಅದೇ 'ಪಿಸಿ ಬಾಂಗ್'. ಬಾಂಗ್ ಎಂದರೆ ಕೋಣೆ. ಮಂದ ಬೆಳಕಿನಲ್ಲಿ ಸಾಲಾಗಿ ದೊಡ್ಡ ಪರದೆಗಳು, ಮೆತ್ತನೆಯ ಕುರ್ಚಿಗಳು, ಕೂತಲ್ಲಿಗೇ ಬರುವ ಬಿಸಿ ರಾಮ್ಯನ್ ಶ್ಯಾವಿಗೆ. ಬಾಡಿಗೆಯೂ ಅಗ್ಗ. 1997ರ ಆರ್ಥಿಕ ಮುಗ್ಗಟ್ಟಿನಲ್ಲಿ ಕೆಲಸ ಕಳೆದುಕೊಂಡವರಲ್ಲಿ ಹಲವರು ಇಂಥ ಕೋಣೆಗಳನ್ನು ತೆರೆದರು. 1998ರಲ್ಲಿ 'ಸ್ಟಾರ್‌ಕ್ರಾಫ್ಟ್' ಆಟ ಬಂದಿತು. ಕೆಲವೇ ವರ್ಷಗಳಲ್ಲಿ ಕೋಣೆಗಳ ಸಂಖ್ಯೆ 20,000ವನ್ನು ಮೀರಿತು.

ಮನೆಯಲ್ಲೇ ವೇಗದ ಅಂತರ್ಜಾಲವಿರುವಾಗ ಹುಡುಗರು ಇಲ್ಲಿಗೇಕೆ ಬರಬೇಕು? ಉತ್ತರ ಯಂತ್ರದಲ್ಲಿಲ್ಲ, ಪಕ್ಕದ ಕುರ್ಚಿಯಲ್ಲಿದೆ. ಅಲ್ಲಿ ಗೆಳೆಯನು ಕುಳಿತಿರುತ್ತಾನೆ. 'ಲೀಗ್ ಆಫ್ ಲೆಜೆಂಡ್ಸ್' ಆಟಕ್ಕೆ ಐವರ ತಂಡ ಬೇಕು. ಆಟ ತಿಳಿಯದ ಬಾಲಕನು ಮರುದಿನ ತರಗತಿಯ ಮಾತುಕತೆಗೂ ಹೊರಗಿನವನಾಗುತ್ತಾನೆ. ಮನೆಯ ಗಣಕಯಂತ್ರದ ಹಿಂದೆ ತಾಯಿಯ ಕಣ್ಣಿರುತ್ತದೆ. ಇಲ್ಲಿ ಓರಗೆಯವರ ಕೂಗಾಟವಿರುತ್ತದೆ. ಗದ್ದೆಯ ಬಯಲೂ ಊರ ಕಟ್ಟೆಯೂ ಇಲ್ಲದ ನಗರದಲ್ಲಿ ಈ ಕೋಣೆಯೇ ಕಟ್ಟೆಯಾಗಿದೆ.

ಸರಕಾರಕ್ಕೆ ಇದು ಚಿಂತೆಯ ವಿಷಯವಾಯಿತು. ರಾತ್ರಿ 10ರಿಂದ ಬೆಳಗಿನ 9ರವರೆಗೆ ಕಿರಿಯರಿಗೆ ಪಿಸಿ ಬಾಂಗ್ ಪ್ರವೇಶ ನಿಷಿದ್ಧ. 2011ರ ನವೆಂಬರಿನಲ್ಲಿ ಇನ್ನೊಂದು ಕಟ್ಟಳೆ ಬಂದಿತು: 16 ತುಂಬದವರು ನಡುರಾತ್ರಿಯಿಂದ ಬೆಳಗಿನ 6ರವರೆಗೆ ಜಾಲದ ಆಟಗಳನ್ನು ಆಡಕೂಡದು. ಮಕ್ಕಳು ಸುಮ್ಮನಿದ್ದರೇ? ತಂದೆತಾಯಿಯರ ಗುರುತಿನ ಸಂಖ್ಯೆಯನ್ನು ಬಳಸಿ ಒಳನುಗ್ಗಿದವರಿದ್ದರು. ಅಷ್ಟರಲ್ಲಿ ಆಟಗಳು ಅಂಗೈಯ ದೂರವಾಣಿಗೆ ವಲಸೆ ಹೋದವು. ಕಟ್ಟಳೆಯ ಕೈ ಅಲ್ಲಿಗೆ ಚಾಚಲಿಲ್ಲ. 2014ರಲ್ಲಿ ಸಂವಿಧಾನ ನ್ಯಾಯಾಲಯವು ಅದನ್ನು ಎತ್ತಿಹಿಡಿದರೂ 2022ರ ಜನವರಿ 1ರಿಂದ ಕಾಯಿದೆ ರದ್ದಾಯಿತು. ಮಕ್ಕಳ ಆಟದ ವೇಳೆಯನ್ನು ಗೊತ್ತುಪಡಿಸುವ ಹೊಣೆ ಮನೆಯವರಿಗೇ ಮರಳಿತು.

ಸೋಲ್ ನಗರದಲ್ಲಿ ಹಾಗ್ವೊನ್‌ಗಳೂ ರಾತ್ರಿ 10ಕ್ಕೇ ಬಾಗಿಲು ಹಾಕಬೇಕು. ದೇಚಿ-ದೊಂಗಿನ ಬೀದಿಯುದ್ದಕ್ಕೂ ಆಗ ತಂದೆತಾಯಿಯರ ಕಾರುಗಳು ಸಾಲುಗಟ್ಟುತ್ತವೆ. ಪಾಠ ಬಿಡುವ ಗಳಿಗೆಯೂ ಗೆಳೆಯರ ಕೋಣೆ ಮುಚ್ಚುವ ಗಳಿಗೆಯೂ ಒಂದೇ! ಪುಸ್ತಕದ ಚೀಲ ಹೊತ್ತು ಬಂದ ಬಾಲಕನಿಗೆ ಅಂದಿನ ದಿನದಲ್ಲಿ ತನ್ನದೆನ್ನಲು ಉಳಿದುದು ಕಾರಿನ ಹಿಂದಿನ ಆಸನ, ಕೈಯಲ್ಲೊಂದು ಸಣ್ಣ ಪರದೆ. ಅದನ್ನು ಕಿತ್ತುಕೊಳ್ಳುವುದು ಸುಲಭ. ಆದರೆ ಅದರ ಬದಲಿಗೆ ಅವನಿಗೆ ಒಂದು ಸಂಜೆಯನ್ನು, ಒಬ್ಬ ಗೆಳೆಯನನ್ನು ಕೊಡಲು ದೊಡ್ಡವರು ಸಿದ್ಧರಿದ್ದಾರೆಯೆ? ಹಾನ್ ನದಿಯ ದಡದ ಈ ಪ್ರಶ್ನೆಗೆ ಯಾವ ಕಟ್ಟಳೆಯೂ ಉತ್ತರ ಹೇಳಲಾರದು. ಅದನ್ನು ಹೇಳಬೇಕಾದವರು ಕಾರಿನ ಮುಂದಿನ ಆಸನದಲ್ಲಿರುವವರು.