ಘಾಂದ್ರುಕ್‌ನಲ್ಲಿ ಉಳಿದ ಎರಡು ದಿನ

ನೇಪಾಳಕ್ಕೆ ಚಾರಣ ಹೊರಟಾಗ ನಮ್ಮ ಯಜಮಾನರಿಗೆ ಇದ್ದ ಹೆದರಿಕೆ ಒಂದೇ, ಇಂಬಳ. ಮಲೆನಾಡಿನಲ್ಲಿ ಬೆಳೆದ ನನಗೆ ಅದೇನೂ ಹೊಸದಲ್ಲ, ಉಪ್ಪಿನ ಗಂಟು ಜೊತೆಗೇ ಇತ್ತು. 3,210 ಮೀಟರ್ ಎತ್ತರದ ಪೂನ್ ಹಿಲ್ ಹತ್ತಿ, ಮೋಡದ ಮರೆಯಿಂದ ಹಿಮಶಿಖರಗಳನ್ನು ಅಷ್ಟಿಷ್ಟು ಕಂಡು, ತಾಡಾಪಾನಿ ಕಾಡಿನ ಮೂಲಕ ಘಾಂದ್ರುಕ್‌ಗೆ ಇಳಿದೆವು. ಅದು 2025ರ ಸೆಪ್ಟೆಂಬರ್ 8.

ಘಾಂದ್ರುಕ್ ಗುರುಂಗ್ ಜನರ ಊರು. ಕಲ್ಲುಹಾಸಿನ ಮೆಟ್ಟಿಲು, ಕಲ್ಲುಚಪ್ಪಡಿಯ ಮಾಡು, ಜಗಲಿಯಲ್ಲಿ ತೂಗುಹಾಕಿದ ಮೆಕ್ಕೆಜೋಳ. ವಸತಿಗೃಹದ ಯಜಮಾನ ನಮ್ಮ ಸೇನೆಯ ಗೂರ್ಖಾ ಪಡೆಯಲ್ಲಿದ್ದು ನಿವೃತ್ತರಾದವರು, ಸೊಗಸಾಗಿ ಹಿಂದಿ ಮಾತಾಡ್ತಿದ್ದರು. ಅವತ್ತು ಮಾತ್ರ ಟಿವಿ ಮುಂದಿಂದ ಏಳಲೇ ಇಲ್ಲ. ಸರ್ಕಾರ 26 ಸಾಮಾಜಿಕ ಜಾಲತಾಣಗಳನ್ನು ಬಂದ್ ಮಾಡಿತ್ತು. ಅದನ್ನೂ ಭ್ರಷ್ಟಾಚಾರವನ್ನೂ ವಿರೋಧಿಸಿ ಹುಡುಗರು ಬೀದಿಗಿಳಿದಿದ್ದರು. ಒಂದೇ ದಿನ 19 ಜನ ಸತ್ತಿದ್ದರು.

ರಾತ್ರಿ ನಿಷೇಧ ತೆಗೆದರು. ಬೆಳಿಗ್ಗೆ ವಾಟ್ಸಾಪ್ ಜೊತೆಗೆ ಭಯವೂ ಬಂತು. ದಾವಣಗೆರೆಯಿಂದ ಮಗಳು, “ಅಮ್ಮ, ಈಗಲೇ ಹೊರಟು ಬನ್ನಿ” ಅಂತ ಅಳ್ತಾ ಇದ್ದಳು. ಕಾಠ್ಮಂಡುವಿನಿಂದ 11ಕ್ಕೆ ನಮ್ಮ ವಿಮಾನ. ಜೀಪು ಬಾಗಿಲಿಗೇ ಬಂದಿತ್ತು. ಯಜಮಾನರು ಚೀಲ ಎತ್ತಿಯೂ ಆಗಿತ್ತು.

“ಇಲ್ಲಿ ನಿಮಗೆ ಏನೂ ಆಗಲ್ಲ. ಅಪಾಯ ಇರೋದು ರಸ್ತೆಯಲ್ಲಿ. ಎರಡು ದಿನ ಕೂತ್ಕೊಳ್ಳಿ,” ಅಂದರು ಆ ಹಿರಿಯರು.

ಕೂತೆವು. ಅವತ್ತೇ ಪ್ರಧಾನಿ ಓಲಿ ರಾಜೀನಾಮೆ ಕೊಟ್ಟರು, ಸಂಸತ್ ಭವನ ಹೊತ್ತಿ ಉರಿಯಿತು, ಕಾಠ್ಮಂಡು ವಿಮಾನ ನಿಲ್ದಾಣ ಮುಚ್ಚಿತು. ಇದ್ದಲ್ಲೇ ಇರಿ ಅಂತ ಭಾರತ ಸರ್ಕಾರವೂ ಹೇಳಿತು. ಆ ಜೀಪಿನಲ್ಲಿ ಹೋದ ಇಬ್ಬರು, ಪೋಖರಾ ಹೊರಗೆ ಟೈರು ಉರಿಯುತ್ತಿದ್ದ ರಸ್ತೆಯಲ್ಲಿ ಸಿಕ್ಕಿಕೊಂಡು, ರಾತ್ರಿ ನಡೆದೇ ಹೋಟೆಲು ಸೇರಿದರಂತೆ.

ಟಿಕೆಟ್ ದುಡ್ಡು ಹೋಯ್ತಲ್ಲ ಅಂತ ನಾನು ಗೊಣಗ್ತಾ ಇದ್ದೆ. ಆಗ ಮನೆಯಾಕೆ ಮೆಲ್ಲಗೆ ಹೇಳಿದರು, ಅವರ ಮಗ ಕಾಠ್ಮಂಡುವಿನಲ್ಲಿ ಓದ್ತಾನೆ, ಎರಡು ದಿನದಿಂದ ಫೋನಿಗೆ ಸಿಕ್ಕಿಲ್ಲ. ನಮಗೆ ಹೊತ್ತುಹೊತ್ತಿಗೆ ದಾಲ್ ಭಾತ್ ಬಡಿಸಿದ ಕೈ ಅದು. ಆಮೇಲೆ ನಾನು ಟಿಕೆಟ್ ಮಾತು ಎತ್ತಲಿಲ್ಲ. 10ರ ರಾತ್ರಿ ಹುಡುಗನ ಫೋನ್ ಬಂತು. ಭಾಷೆ ತಿಳಿಯದಿದ್ದರೂ ಆಕೆ ಅತ್ತ ರೀತಿಯಲ್ಲೇ ಗೊತ್ತಾಯಿತು, ಅವನು ಕ್ಷೇಮ.

11ಕ್ಕೆ ಪೋಖರಾಕ್ಕೆ ಇಳಿದೆವು. ಅಂಗಡಿಗಳೆಲ್ಲ ಮುಚ್ಚಿದ್ದವು. 12ರ ರಾತ್ರಿ ಸುಶೀಲಾ ಕಾರ್ಕಿ ಮಧ್ಯಂತರ ಪ್ರಧಾನಿಯಾದರು. ಮರುದಿನ ಬಸ್ಸು, 14ಕ್ಕೆ ವಿಮಾನ.

ಹೋಗುವವರಿಗೆ ನನ್ನ ಅನುಭವದ ಮಾತು ಇಷ್ಟೇ. ಚಾರಣ ಮುಗಿದ ಮೇಲೆ ಎರಡು ದಿನ ಖಾಲಿ ಇಟ್ಟುಕೊಳ್ಳಿ. ವಾರಕ್ಕಾಗುವಷ್ಟು ನೇಪಾಳಿ ನಗದು, ಪಾಸ್‌ಪೋರ್ಟ್ ಇಲ್ಲವೇ ಮತದಾರರ ಚೀಟಿ ಮೈಮೇಲೇ ಇರಲಿ. ಗಲಾಟೆಯ ವಿಡಿಯೊ ತೆಗೆಯಲು ಹೋಗಬೇಡಿ. ಊರಿನವರು “ಇರಿ” ಅಂದರೆ ಇದ್ದುಬಿಡಿ.

ಹಾಗೇ, ಅವರ ಮಕ್ಕಳು ಎಲ್ಲಿದ್ದಾರೆ ಅಂತ ಒಂದು ಮಾತು ಕೇಳಿ. ನಾನು ಕೇಳಿದ್ದು ತಡವಾಗಿತ್ತು.