ಅರೋಸಾ: ಉಪಗ್ರಹಕ್ಕೆ ತಕ್ಕಡಿ ಹಿಡಿದ ಊರು

ಸ್ವಿಟ್ಜರ್‌ಲೆಂಡಿಗೆ ಹೋಗುವ ನಮ್ಮವರು ಜ್ಯೂರಿಕ್, ಲೂಸರ್ನ್, ಯುಂಗ್‌ಫ್ರೌ ನೋಡಿ, ಚಾಕಲೇಟು ಕಟ್ಟಿಸಿಕೊಂಡು ಹಿಂತಿರುಗುವುದೇ ಹೆಚ್ಚು. ದೇಶದ ಪೂರ್ವ ಭಾಗದ ಕೂರ್ ಪಟ್ಟಣದವರೆಗೆ ಹೋದವರು ನಿಲ್ದಾಣದ ಎದುರಿನ ಬೀದಿಯಲ್ಲೇ ನಿಲ್ಲುವ ಕೆಂಪು ಬಣ್ಣದ ಚಿಕ್ಕ ರೈಲನ್ನು ಒಮ್ಮೆ ಹತ್ತಬೇಕು. ಮೊದಲು ಅದು ಕಾರು, ಸೈಕಲ್ಲುಗಳ ನಡುವೆ ಟ್ರಾಮಿನಂತೆ ಸಾಗುತ್ತದೆ. ಊರು ದಾಟಿದ ಮೇಲೆ ಪ್ಲೆಸ್ಸೂರ್ ನದಿಯ ಕಣಿವೆ ಹಿಡಿದು ಏರತೊಡಗುತ್ತದೆ. 26 ಕಿಲೋಮೀಟರಿಗೆ ಒಂದು ಗಂಟೆ! ಲಾಂಗ್‌ವೀಸ್‌ನಲ್ಲಿ 1914ರಲ್ಲಿ ಕಟ್ಟಿ ಮುಗಿಸಿದ, 62 ಮೀಟರ್ ಎತ್ತರದ ಕಾಂಕ್ರೀಟ್ ಸೇತುವೆಯ ಮೇಲೆ ಹೋಗುವಾಗ ಕಿಟಕಿಯಿಂದ ಕೆಳಗೆ ನೋಡಲು ಗಟ್ಟಿ ಎದೆ ಬೇಕು.

ರೈಲು ಕೊನೆಗೆ ನಿಲ್ಲುವುದು ಸುಮಾರು 1,740 ಮೀಟರ್ ಎತ್ತರದ ಅರೋಸಾದಲ್ಲಿ. ನಿಲ್ದಾಣದ ಪಕ್ಕದಲ್ಲೇ ಸರೋವರ, ಸುತ್ತ ಹಿಮದ ಟೊಪ್ಪಿಗೆ ತೊಟ್ಟ ಬೆಟ್ಟಗಳು. ಕಾಡಿನ ದಾರಿಯಲ್ಲಿ ಅಂಗೈಯಿಂದಲೇ ಕಾಯಿ ಎತ್ತಿಕೊಳ್ಳುವ ಅಳಿಲುಗಳು. ಪ್ರವಾಸಿಗಳಿಗೆ ಇಷ್ಟು ಸಾಕು. ಆದರೆ ವಾಯುಮಂಡಲದ ಪಂಡಿತರಿಗೆ ಅರೋಸಾ ಎಂದರೆ ಬೇರೆಯೇ ಅರ್ಥ. ತಲೆಯ ಮೇಲಿನ ಓಜೋನನ್ನು ಇಲ್ಲಿ 1926ರಿಂದ ಅಳೆಯತೊಡಗಿದರು. ಜಗತ್ತಿನಲ್ಲಿ ಇದಕ್ಕಿಂತ ಉದ್ದದ ಓಜೋನ್ ಲೆಕ್ಕದ ಪುಸ್ತಕ ಇನ್ನೊಂದಿಲ್ಲ.

ಇದರ ಹಿಂದಿರುವುದು ಕ್ಷಯರೋಗ. ಔಷಧಿಯಿಲ್ಲದ ಆ ಕಾಲದಲ್ಲಿ ಬೆಟ್ಟದ ಗಾಳಿ, ಬಿಸಿಲುಗಳೇ ಚಿಕಿತ್ಸೆ. ಅರೋಸಾದ ತುಂಬ ಸ್ಯಾನಿಟೋರಿಯಂಗಳಿದ್ದವು. ಹಾಗೆ ರೋಗಿಯಾಗಿ ಬಂದು ಇಲ್ಲೇ ಉಳಿದವನು ಪೌಲ್ ಗ್ಯೋಟ್ಸ್. ಈ ಊರಿನ ಬಿಸಿಲಿನಲ್ಲಿ ಅಂಥದ್ದೇನಿದೆ ಎಂದು ಅಳೆಯಲು 1921ರಲ್ಲಿ ಒಂದು ವೀಕ್ಷಣಾಲಯ ತೆರೆದ. ಹಣ ಕೊಟ್ಟದ್ದು ಊರಿನ ಪ್ರವಾಸಿ ಸಂಘ. ಬಿಸಿಲು ಮಾರುವವರಿಗೆ ಬಿಸಿಲಿನ ಗುಣಪತ್ರ ಬೇಕಿತ್ತು, ಅಷ್ಟೆ!

ಅದೇ ಹೊತ್ತಿಗೆ ಆಕ್ಸ್‌ಫರ್ಡಿನ ಡಾಬ್ಸನ್, ಓಜೋನಿನ ಏರಿಳಿತದಿಂದ ಹವಾಮಾನದ ಸುಳಿವು ಸಿಕ್ಕೀತೆಂದು ತನ್ನ ಉಪಕರಣಗಳನ್ನು ಊರೂರಿಗೆ ಕಳುಹಿಸುತ್ತಿದ್ದ. ಅರೋಸಾಕ್ಕೂ ಒಂದು ಬಂತು. ಮುಂದೆ ಇನ್ನೊಂದು ನಮ್ಮ ಕೊಡೈಕೆನಾಲಿಗೂ ಹೋಯಿತು. ಅಲ್ಲಿ ಬಿಸಿಲು ಹಿಡಿದ ಗಾಜಿನ ತಟ್ಟೆಗಳು ಲೆಕ್ಕಕ್ಕಾಗಿ ಆಕ್ಸ್‌ಫರ್ಡಿಗೆ ಪಯಣಿಸುತ್ತಿದ್ದವು.

ಉಪಕರಣದ ತತ್ವ ಸರಳವಾದದ್ದು. ಸೂರ್ಯನ ಅತಿನೇರಳೆ ಬೆಳಕಿನಲ್ಲಿ ಎರಡು ಅಲೆಗಳನ್ನು ಆರಿಸಿಕೊಳ್ಳಿ. ಒಂದನ್ನು ಓಜೋನ್ ಚೆನ್ನಾಗಿ ಹೀರುತ್ತದೆ, ಇನ್ನೊಂದರ ಗೊಡವೆಗೆ ಅಷ್ಟಾಗಿ ಹೋಗುವುದಿಲ್ಲ. ಎರಡರ ಬಲಾಬಲ ಹೋಲಿಸಿದರೆ ಮೇಲೆ ಓಜೋನ್ ಎಷ್ಟಿದೆಯೆಂಬುದು ತಿಳಿಯುತ್ತದೆ. ಮೇಲಿರುವ ಓಜೋನನ್ನೆಲ್ಲ ನೆಲಮಟ್ಟಕ್ಕೆ ತಂದು ಚಾಪೆಯಂತೆ ಹಾಸಿದರೆ ಸಿಗುವ ದಪ್ಪ 3 ಮಿಲಿಮೀಟರ್ ಆಸುಪಾಸು. ಅದನ್ನೇ 300 ಡಾಬ್ಸನ್ ಎನ್ನುತ್ತಾರೆ. ಗಾಜಿನ ತಟ್ಟೆಗಳ ಕಾಲ ಮುಗಿದ ಮೇಲೆ ಬಂದದ್ದು ಉದ್ದನೆಯ ಪೆಟ್ಟಿಗೆಯಂಥ ಯಂತ್ರ. ಅದನ್ನು ಸೂರ್ಯನ ಕಡೆ ತಿರುಗಿಸಿ, ಮುಳ್ಳು ಸೊನ್ನೆಗೆ ಬರುವವರೆಗೆ ಬಿಲ್ಲೆ ಹೊರಳಿಸಿ, ಅಂಕಿ ಬರೆದುಕೊಳ್ಳಬೇಕು. ನಾಳೆಯೂ ಅದೇ, ನಾಡಿದ್ದೂ ಅದೇ. ಇದಕ್ಕಿಂತ ಬೇಸರದ ಕೆಲಸ ಮತ್ತೊಂದಿರಲಾರದು!

1978ರಲ್ಲಿ ಅಮೆರಿಕದ ನಿಂಬಸ್-7 ಉಪಗ್ರಹ ಮೇಲೇರಿತು. ಇಡೀ ಭೂಮಿಯ ಓಜೋನನ್ನು ದಿನವೂ ನೋಡುವ ಕಣ್ಣು ಸಿಕ್ಕಿದ ಮೇಲೆ ಬೆಟ್ಟದ ಮೇಲಿನ ಪೆಟ್ಟಿಗೆ ಯಾರಿಗೆ ಬೇಕು ಎನಿಸುವುದು ಸಹಜ. ದಕ್ಷಿಣ ಧ್ರುವದ ಓಜೋನ್ ರಂಧ್ರವನ್ನು 1985ರಲ್ಲಿ ಮೊದಲು ಸಾರಿದವರು ಹ್ಯಾಲಿ ಕೊಲ್ಲಿಯಲ್ಲಿ ಡಾಬ್ಸನ್ ಯಂತ್ರ ಹಿಡಿದಿದ್ದ ಬ್ರಿಟಿಷರೇ ಎಂಬ ಕಥೆಯನ್ನು ಹಲವರು ಕೇಳಿರಬಹುದು. ಅಷ್ಟಾಗಿ ಕೇಳಿಬರದ ಕಥೆ ಇದಕ್ಕೆ ತದ್ವಿರುದ್ಧವಾದದ್ದು. ಉಪಗ್ರಹ ಇಡೀ ಜಗತ್ತಿನ ಓಜೋನ್ ಸರಸರನೆ ಕರಗುತ್ತಿದೆ ಎನ್ನತೊಡಗಿತ್ತು, ಇದ್ದುದಕ್ಕಿಂತ ಹೆಚ್ಚಾಗಿ!

ಭೂಮಿಯಿಂದ ಮರಳಿ ಬರುವ ಬೆಳಕನ್ನು ಉಪಗ್ರಹವು ನೇರ ಸೂರ್ಯನ ಬೆಳಕಿನೊಂದಿಗೆ ಹೋಲಿಸುತ್ತದೆ. ಆ ನೇರ ಬೆಳಕನ್ನು ಯಂತ್ರದೊಳಕ್ಕೆ ಹಾಯಿಸುವುದು ಒಂದು ಲೋಹದ ಫಲಕ. ವರ್ಷಗಟ್ಟಲೆ ಬಿಸಿಲಿಗೊಡ್ಡಿ ಅದು ಮಂಕಾಗಿತ್ತು. ಸೂರ್ಯ ಮಂಕಾಗಿ ಕಂಡ, ಭೂಮಿ ಹೆಚ್ಚು ಬೆಳಗುವಂತೆ ಕಂಡಿತು. ಬೆಳಕನ್ನು ಹೀರುವ ಓಜೋನ್ ಕಡಿಮೆಯಾಗಿದೆಯೆಂದು ಲೆಕ್ಕ ಬಂತು. ತಕ್ಕಡಿಯ ಬಟ್ಟೇ ಸವೆದಿದ್ದರೆ ತೂಕವನ್ನು ನಂಬುವುದು ಹೇಗೆ? ಮೇಲೆ ಹೋಗಿ ಫಲಕವನ್ನು ಒರೆಸಿ ಬರುವಂತಿಲ್ಲ. ಆಗ ನೆಲದ ಮೇಲಿನ ಡಾಬ್ಸನ್ ಕೇಂದ್ರಗಳ ಕಡತಗಳಿಗೆ ಬೆಲೆ ಬಂತು. ಉಪಗ್ರಹ ತಮ್ಮ ನೆತ್ತಿಯ ಮೇಲೆ ಹಾದುಹೋದ ದಿನಗಳ ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಅದು ದಾರಿ ತಪ್ಪುತ್ತಿದ್ದುದು ಕಂಡಿತು. 1988ರಲ್ಲಿ ನಾಸಾ ಕೂಡಿಸಿದ್ದ ತಜ್ಞರ ಮಂಡಳಿ ಲೆಕ್ಕವನ್ನು ತಿದ್ದಿತು.

ತಿದ್ದಿದ ಮೇಲೂ ನಷ್ಟ ಸೊನ್ನೆಯಾಗಲಿಲ್ಲ. ನೀಲ್ ಹ್ಯಾರಿಸ್ ಮತ್ತು ಶೆರ್ವುಡ್ ರೋಲೆಂಡ್ ಅರೋಸಾದ ದಾಖಲೆಯನ್ನು ತಿಂಗಳು ತಿಂಗಳಾಗಿ ಬಿಡಿಸಿ ನೋಡಿದ್ದರು. ವರ್ಷದ ಸರಾಸರಿಯಲ್ಲಿ ಅಡಗಿದ್ದ ಚಳಿಗಾಲದ ಕುಸಿತ ಅಲ್ಲಿತ್ತು. ಅಂದರೆ ಯುರೋಪಿನ ಜನವಸತಿಯ ಮೇಲೆಯೂ ಓಜೋನ್ ತೆಳುವಾಗುತ್ತಿತ್ತು. ಉಪಗ್ರಹದ ತಪ್ಪನ್ನು ಹಿಡಿದ ಬಗೆಯ ಪುಸ್ತಕವೇ ಅಪಾಯ ನಿಜವೆಂದೂ ಸಾಕ್ಷಿ ಹೇಳಿತು.

ಹಾಗಾದರೆ ಡಾಬ್ಸನ್ ಯಂತ್ರವನ್ನು ಪರೀಕ್ಷಿಸುವವರಾರು? ಅದಕ್ಕೂ ದಾರಿಯಿದೆ. ಬೇರೆ ಬೇರೆ ದೇಶಗಳ ಯಂತ್ರಗಳನ್ನು ಹೊತ್ತು ತಂದು ಒಂದೇ ಸೂರ್ಯನ ಕೆಳಗೆ ಸಾಲಾಗಿ ನಿಲ್ಲಿಸುತ್ತಾರೆ. ಒಂದು ಬಗೆಯ ದನಗಳ ಜಾತ್ರೆ ಎನ್ನಿ. 1986, 1990, 1995ರಲ್ಲಿ ಅರೋಸಾದಲ್ಲೇ ಈ ಜಾತ್ರೆ ನಡೆಯಿತು. ಎಲ್ಲಕ್ಕೂ ಹಿರಿಯಣ್ಣ ಅಮೆರಿಕದ 83ನೇ ನಂಬರಿನ ಯಂತ್ರ. ಅದನ್ನು ಹವಾಯಿ ದ್ವೀಪದ ಮೌನಾ ಲೋವಾ ಪರ್ವತಕ್ಕೆ ಒಯ್ದು, ಏರುವ ಸೂರ್ಯನನ್ನೇ ಹಿಂಬಾಲಿಸಿ ಸರಿಪಡಿಸುತ್ತಿದ್ದರು.

ಗ್ಯೋಟ್ಸ್ 1954ರಲ್ಲಿ ತೀರಿಕೊಂಡ. ಆ ಬಳಿಕ ಕೆಲಸ ನಿಲ್ಲದಂತೆ ನೋಡಿಕೊಂಡವರು ಹಾನ್ಸ್ ಉಲ್ರಿಚ್ ಡ್ಯೂಟ್ಶ್. 1980ರ ದಶಕದಲ್ಲಿ ಅವರು ನಿವೃತ್ತರಾದ ಮೇಲೆ ಹೊಣೆ ಸ್ವಿಸ್ ಹವಾಮಾನ ಇಲಾಖೆಯ ಪಾಲಿಗೆ ಬಂತು. ದಿನವೂ ಅದೇ ಅಂಕಿ ಬರೆಯುವ ಕೆಲಸಕ್ಕೆ ಹಣ ಕೇಳುವುದು ಯಾವ ದೇಶದಲ್ಲೂ ಸುಲಭವಲ್ಲ.

ಈಗ ಅರೋಸಾದಲ್ಲಿ ಆ ಯಂತ್ರಗಳಿಲ್ಲ. ಬೆಟ್ಟದಾಚೆಯ ದಾವೋಸ್‌ನ ವಿಕಿರಣ ಕೇಂದ್ರಕ್ಕೆ ಸಾಗಿಸಿದ್ದಾರೆ. ಆದರೆ ಒಂದೇ ಸಲಕ್ಕೆ ಗಂಟುಮೂಟೆ ಕಟ್ಟಲಿಲ್ಲ. ಹಲವು ವರ್ಷ ಎರಡೂ ಊರುಗಳಲ್ಲಿ ಜೊತೆಜೊತೆಯಾಗಿ ಅಳೆದು, ಅಂಕಿಗಳು ತಾಳೆಯಾಗುತ್ತವೆಯೇ ಎಂದು ನೋಡಿ, ಆಮೇಲೆ ಅರೋಸಾದ ಬಾಗಿಲು ಮುಚ್ಚಿದರು. ಎರಡೂ ಊರುಗಳ ನಡುವೆ ನೇರ ರಸ್ತೆಯಿಲ್ಲ. ರೈಲಿನಲ್ಲಿ ಹೋಗಬೇಕಾದರೆ ಕೂರ್‌ಗೆ ಇಳಿದು ಸುತ್ತಿಕೊಂಡು ಹೋಗಬೇಕು. ಕಾಲಲ್ಲಿ ಕಸುವಿದ್ದವರು ಬೇಸಿಗೆಯಲ್ಲಿ ಬೆಳಿಗ್ಗೆ ಹೊರಟರೆ, ಕಣಿವೆಬಾಯಿ ದಾಟಿ ಸಂಜೆಯೊಳಗೆ ದಾವೋಸ್ ಸೇರಬಹುದು.