ಕಚ್ಚದ ನೊರಜಿನ ಹೆಸರು

ಕೆರೆ ದಂಡೇಲಿ ಸಂಜೆ ಕಂಬದ ಹಾಗೆ ಎದ್ದು ಆಡೋ ನೊರಜನ್ನ ನಮ್ಮೂರಲ್ಲಿ ಸೊಳ್ಳೆ ಅಂತಲೇ ಬೈತಾರೆ. ಪಾಪ, ಕೈರೊನೊಮಿಡ್ ಕುಟುಂಬದ ಇವು ಕಚ್ಚೋದೇ ಇಲ್ಲ. ಆದ್ರೆ ಯಾವುದು ಯಾವ ಪ್ರಭೇದ ಅನ್ನೋದು ತಲೆನೋವು. ಗುರುತು ಬಹುಪಾಲು ಇರೋದು ಗಂಡಿನ ಹೊಟ್ಟೆಯ ತುದಿಯ ಜನನಾಂಗದಲ್ಲಿ. ಮ್ಯೂಸಿಯಂನಲ್ಲಿ ಸೂಜಿಗೆ ಚುಚ್ಚಿಟ್ಟ ಹಳೇ ಒಣ ಹುಳುವಾದ್ರೆ ಆ ತುದಿಯನ್ನ ಕತ್ತರಿಸಿ, ಪೊಟ್ಯಾಸಿಯಂ ಹೈಡ್ರಾಕ್ಸೈಡಿನಲ್ಲಿ ಮಾಂಸ ಕರಗಿಸಿ, ಉಳಿದ ಹೊರಕವಚವನ್ನ ಗಾಜಿನ ಸ್ಲೈಡ್ ಮೇಲೆ ಕೆನಡಾ ಬಾಲ್ಸಮ್ ಹಾಕಿ ಕೂರಿಸಬೇಕು. ಆಮೇಲೆ ಸೂಕ್ಷ್ಮದರ್ಶಕ.

ನಾವು ಕೋಡ್ ಕೆಡಿಸಿದ್ರೆ ಹಳೇ ವರ್ಷನ್‌ಗೆ ವಾಪಸ್ ಹೋಗ್ತೀವಿ. ಇಲ್ಲಿ, ಒಂದು ಹೆಸರಿಗೆ ಆಧಾರವಾಗಿರೋ ಮಾದರಿ ಒಂದೇ ಒಂದು ಇದ್ದು, ಕೈ ಜಾರಿದ್ರೆ? ಫ್ರಾನ್ಸಿನ ಪಾದ್ರಿ ಕೀಫರ್ 1910ರ ಸುಮಾರಿಗೆ ಕಲ್ಕತ್ತಾದ ಇಂಡಿಯನ್ ಮ್ಯೂಸಿಯಂ ಸಂಗ್ರಹದ ಎಷ್ಟೋ ನೊರಜಿಗೆ ಹೆಸರಿಟ್ಟರು. ವಿವರಣೆ ಚುಟುಕಾಗಿದ್ದಲ್ಲಿ ಅನುಮಾನ ಬಂದ್ರೆ ಹುಳುವನ್ನೇ ನೋಡಬೇಕು. ಅದೂ ಹೆಣ್ಣಾಗಿದ್ರೆ, ಎಷ್ಟೋ ಸಲ ಕುಲದ ಹೆಸರಿಗೇ ನಿಲ್ಲಬೇಕು.